ಹೊಸ ಸೀಸನ್‌ಗೆ ಶ್ರುತಿ ಯಾರು ಕೊಡಬೇಕು, ಗುರುಶಾಂತಣ್ಣ?

ಇಲ್ಲ... ಇನ್ನೂ ನಂಬೋಕೆ ಆಗ್ತಿಲ್ಲ.

ಬೆಳಿಗ್ಗೆ ಬ್ಲೌಸ್‌ಗೆ ಹುಕ್ಸ್ ಹಾಕ್ತಾ ಕೂತಿದ್ದೆ. ನಮ್ಮ ತಬಲಾ ಇಮ್ತಿಯಾಜ್ ಫೋನ್ ಮಾಡಿದ.
"ಗುರುಶಾಂತಣ್ಣ ತೀರ್ಕೊಂಡ್ರಂತೆ ಅಕ್ಕಾ..."
"ಏಯ್ ಸುಮ್ನಿರು. ನಿನ್ನೆ ಸಂಜೆ ತಾನೇ ಗ್ರೂಪ್‌ನಾಗೆ ನನ್ ಜೊತಿ ಜಗಳ ಆಡ್ಯಾರೆ!"
ಬೈದು ಫೋನ್ ಇಟ್ಟೆ.
ಇಟ್ಟವಳೇ ಮತ್ತೆ ಅವನಿಗೇ ಫೋನ್ ಮಾಡಿದೆ.

ಗೊತ್ತಿಲ್ಲದವರಿಗೆ ಹೇಳ್ತೀನಿ...
ಗುರುಶಾಂತಣ್ಣ ಅಂದ್ರೆ ನಮ್ಮ ಗಾಯನ ಬಳಗ ಕಟ್ಟಿದವರು. ಇಲ್ಲೇ ದಾವಣಗೆರೆ ಹತ್ತಿರದ ಕರೂರಿನ ಒಂದು ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಮಷಿನ್ ಮುಂದೆ ನಿಂತು ರಿಟೈರ್ ಆದವರು. ಆ ಸದ್ದಿಗೆ ಎಡಗಿವಿ ಹೋಗಿತ್ತು. ಅಂಥವರು ಹಾರ್ಮೋನಿಯಂ ಹಿಡ್ಕೊಂಡು ಮನೆಮನೆ ತಿರುಗಿ ಇಪ್ಪತ್ತು ಜನರನ್ನ ಸೇರಿಸಿದ್ರು. ದಾವಣಗೆರೆಯವರು ಅರ್ಧ, ಹರಿಹರದವರು ಅರ್ಧ. ಟೀಚರ್, ಟೈಲರ್, ಹಾಲಿನವರು, ಎಲ್ಐಸಿಯವರು... ಶಾಸ್ತ್ರೀಯ ಸಂಗೀತ ಕಲಿತವರು ಒಬ್ಬರೂ ಇಲ್ಲ!

ಪ್ರಾಕ್ಟೀಸ್ ವಿನೋಬನಗರದ ನಮ್ಮ ಮನೆ ಮಹಡಿ ಮೇಲೆ.
ಹಾಡೋಕೆ ಮುಂಚೆ ಮಿರ್ಚಿ ತಿನ್ನಬಾರದು ಅಂತ ರೂಲ್ಸ್ ಮಾಡಿದವರು ಅವರೇ. ಮಂಡಕ್ಕಿ ಜೊತೆ ಮಿರ್ಚಿ ಕಟ್ಟಿಸ್ಕೊಂಡು ಬರ್ತಿದ್ದವರೂ ಅವರೇ.

ನಾನು ಟೀ ಕೊಡೋಕೆ ಮೇಲೆ ಹೋದವಳು, ಹಾಗೇ ಹಿಂದಿನ ಸಾಲಿನಲ್ಲಿ ನಿಂತೆ.
ಎರಡು ವರ್ಷ ಬರೀ ಬಾಯಿ ಆಡಿಸಿದೆ. ದನಿ ಹೊರಗೆ ಬರ್ತಾನೇ ಇರಲಿಲ್ಲ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ.

ಆಮೇಲೆ ಆ ದಿನ ಬಂತು...
ಅಣ್ಣ ಒಂದೇ ಸಂಜೆಗೆ ಎರಡು ಕಡೆ ಪ್ರೋಗ್ರಾಂ ಒಪ್ಕೊಂಡುಬಿಟ್ಟಿದ್ರು! ಇಲ್ಲೊಂದು ಹಾಲ್, ಹರಿಹರದಲ್ಲೊಂದು ಹಾಲ್. ಯಾರು ಕೇಳಿದ್ರೂ ಮೊದಲು ಹೂಂ ಅನ್ನೋದು, ಆಮೇಲೆ ಕ್ಯಾಲೆಂಡರ್ ನೋಡೋದು ಅವರ ಪದ್ಧತಿ.
ನಾವೆಲ್ಲ ತಲೆ ಮೇಲೆ ಕೈ ಹೊತ್ತು ಕೂತ್ವಿ. ಅವರು ಮಾತ್ರ ನಗ್ತಾ, "ಅದಕ್ಯಾಕ ಅಷ್ಟು ಚಿಂತಿ? ಅರ್ಧ ಮಂದಿ ಇಲ್ಲಿ ಹಾಡ್ರಿ, ಅರ್ಧ ಮಂದಿ ಅಲ್ಲಿ ಹಾಡ್ತೀವಿ" ಅಂದ್ರು.
ಹಾರ್ಮೋನಿಯಂ ಹರಿಹರಕ್ಕೆ ಹೋಯ್ತು. ಇಲ್ಲಿ ಶ್ರುತಿ ಕೊಟ್ಟು ಹಾಡು ಶುರು ಮಾಡೋದು ಯಾರು?
ಬೆರಳು ನನ್ನ ಕಡೆ ತೋರಿಸಿದ್ರು.
"ಅಣ್ಣ, ನಾನು ಹಾಡೋದೇ ಇಲ್ಲ!"
"ಗೊತ್ತೈತೆ ತಂಗಿ. ನಂದು ಒಂದು ಕಿವಿ ಹೋಗೈತೆ, ಎರಡೂ ಹೋಗಿಲ್ಲ."

ಹಾಡು ಶುರು ಮಾಡಿದೆ... ತೀರಾ ಮೇಲೆ ಹಿಡಿದುಬಿಟ್ಟೆ. ಚರಣಕ್ಕೆ ಬರೋ ಹೊತ್ತಿಗೆ ಒಬ್ಬೊಬ್ಬರದೇ ಗಂಟಲು ಕೈ ಕೊಡ್ತು. ಕೊನೆಗೆ ನಾನೊಬ್ಬಳೇ ಕಿರುಚ್ತಾ ಉಳಿದೆ. ನಿಲ್ಲಿಸಿ, "ಕ್ಷಮಿಸಿ, ಇನ್ನೊಂದ್ಸಲ ಶುರು ಮಾಡ್ತೀವಿ" ಅಂದೆ. ಜನ ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು.
ಹರಿಹರದಿಂದ ಅಣ್ಣನ ಫೋನು.
"ಹೆಂಗಾತು?"
"ತುಂಬಾ ಮೇಲೆ ಹಿಡಿದುಬಿಟ್ಟೆ ಅಣ್ಣ..."
"ಹಿಂದ್ ಕೂತೋರಿಗೆ ಕೇಳ್ತೋ ಇಲ್ಲೋ? ಆತು ಬಿಡು!"

ಅಣ್ಣ...
ನಿಮಗೆ ನಾನೊಂದು ಉತ್ತರ ಕೊಡೋದಿತ್ತು.

ಹೋದ ಭಾನುವಾರ ಹೊಸ ಸೀಸನ್ ಪ್ಲಾನ್ ಮಾಡೋಕೆ ಕೂತಿದ್ವಿ. ಮೊದಲ ಕಾರ್ಯಕ್ರಮ ಹರಿಹರದಲ್ಲಿ, ಇನ್ನು ಹದಿನೈದೇ ದಿನ. ಆಗ ನೀವು, "ಈ ಸಲ ನಾನು ಕೆಳಗೆ ಕೂತು ಕೇಳ್ತೀನಿ. ಬಳಗ ನೀನು ನಡೆಸು" ಅಂದ್ರಿ.
ನಾನು "ಬ್ಯಾಡ ಅಣ್ಣ, ನನ್ ಕೈಲಾಗಲ್ಲ" ಅಂದೆ.
"ಬರೋ ಭಾನುವಾರ ಹೇಳು" ಅಂದ್ರಿ.
ನಿನ್ನೆ ಗ್ರೂಪ್‌ನಲ್ಲಿ ಮತ್ತೆ ಕೇಳಿದ್ರಿ. "ಭಾನುವಾರ ಅಂದಿದ್ರಲ್ಲ, ಇನ್ನೂ ಟೈಮ್ ಐತೆ" ಅಂತ ಜಗಳ ಆಡಿದೆ.
ಟೈಮ್ ಎಲ್ಲಿತ್ತಣ್ಣ...
ನಿಜ ಹೇಳ್ತೀನಿ, ನನಗೆ ಆಸೆ ಇತ್ತು. ಹೆದರಿಕೆ ಅದಕ್ಕಿಂತ ಜಾಸ್ತಿ ಇತ್ತು.

ಈಗಷ್ಟೇ ಕೆ.ಬಿ. ಬಡಾವಣೆಯ ನಿಮ್ಮ ಮನೆಯಿಂದ ಬಂದೆ.
ನಿಮ್ಮ ಅಂಗಳದಲ್ಲಿ ನಿಂತು ನಾವೆಲ್ಲ ಮೆಲ್ಲಗೆ ಮಾತಾಡ್ತಿದ್ವಿ. "ಈ ವರ್ಷ ಬಿಟ್ಟುಬಿಡಾಣ" ಅಂದ ಇಮ್ತಿಯಾಜ್. ಅವನ ಕಣ್ಣು ಕೆಂಪಗಿತ್ತು. ನಾನೂ ತಲೆ ಆಡಿಸಿದೆ.
ಅದು ನಿಮ್ಮ ಮನೆಯವರು ಶಾರದಕ್ಕನ ಕಿವಿಗೆ ಬಿತ್ತು.
"ಬಿಟ್ಟು ಏನ್ ಮಾಡ್ತೀರಿ? ಭಾನುವಾರ ಭಾನುವಾರ ಬಂದು ನನ್ ಮುಂದೆ ಕೂತು ಅಳ್ತೀರೇನು?"
ಅಷ್ಟು ಅತ್ತ ಕಣ್ಣಲ್ಲೂ ಅಕ್ಕ ನಮ್ಮನ್ನ ಗದರಿಸಿದ್ರು. ಒಳಗೆ ಹೋಗಿ ಒಂದು ಕಟ್ಟು ತಂದು ನನ್ನ ಕೈಗಿಟ್ರು.

ಇನ್ವಿಟೇಷನ್ ಕಾರ್ಡುಗಳು. ಹರಿಹರದ ಕಾರ್ಯಕ್ರಮದ್ದು.
ಪ್ರಿಂಟ್ ಆಗಿ ಬಂದು ಹತ್ತು ದಿನ ಆಗಿದೆಯಂತೆ!
ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು... "ಶ್ರುತಿ ಮತ್ತು ನಿರ್ದೇಶನ: ಮಂಜುಳಾ".
ಅಂದ್ರೆ ಭಾನುವಾರ ನನ್ನನ್ನ ಕೇಳೋಕೆ ಮುಂಚೆನೇ ಕಾರ್ಡ್ ಹೊಡೆಸಿ ಮಂಚದ ಕೆಳಗೆ ಇಟ್ಕೊಂಡಿದ್ರಿ. ಕೇಳಿದ್ದು ಬರೀ ಮರ್ಯಾದೆಗೆ!
ಶಾರದಕ್ಕನ್ನ ತಬ್ಕೊಂಡು ಅಳ್ತಾ ಅಳ್ತಾ ನಕ್ಕುಬಿಟ್ಟೆ. ಸಾವಿನ ಮನೆ ಅನ್ನೋದೂ ನೆನಪಾಗಲಿಲ್ಲ. ಅಕ್ಕನೂ ನಕ್ಕರು.

ಸ್ನೇಹಿತರೇ, ಸಂಜೆ ನಾಲ್ಕಕ್ಕೆ ಮಣ್ಣು. ಬಳಗದವರು ಎಲ್ಲ ಬನ್ನಿ.
ಹರಿಹರದ ಕಾರ್ಯಕ್ರಮ ಕ್ಯಾನ್ಸಲ್ ಆಗಿಲ್ಲ. ನಾಳೆಯಿಂದ ಕಾರ್ಡ್ ಹಂಚೋಕೆ ನಾನೇ ನಿಮ್ಮನೆಗಳಿಗೆ ಬರ್ತೀನಿ.

ಅಣ್ಣ, ತಡವಾಯ್ತು, ಬೈಬೇಡಿ...
ಹೂಂ. ನಡೆಸ್ತೀನಿ.

ನೆಮ್ಮದಿಯಾಗಿ ಹೋಗಿ ಬರ್ರಿ. ನಿಮ್ಮ ಜೀವ ತಣ್ಣಗಿರಲಿ. 🙏