ಆಮೆ ಬೆಡಗಿನವರು

ವಿಜಯಪುರದಿಂದ ಬಬಲೇಶ್ವರದ ಸಂತೆಗೆ ಹೊರಟಿದ್ದ ನಮ್ಮ ಜೀಪು, ಆಮೆಯೊಂದು ರಸ್ತೆ ದಾಟುತ್ತಿದ್ದುದರಿಂದ ನಿಂತಿತು. ನಾನು ಕೆಳಗಿಳಿದು ಅದಕ್ಕೆ ಕೈಮುಗಿದೆ. ಪಕ್ಕದಲ್ಲಿ, ಅದೇ ಜೀಪಿನಿಂದ ಇಳಿದ ಗುರುತಿಲ್ಲದ ಹೆಣ್ಣುಮಗಳೊಬ್ಬಳು ಕೂಡ ಕೈಮುಗಿದು ನಿಂತಿದ್ದಳು.

“ನಿಮ್ಮದೂ ಆಮಿ ಬೆಡಗೇನ್ರಿ?” ಎಂದಳು. ಹೌದೆಂದೆ. ಬೆಡಗು ಎಂದರೆ ನಮ್ಮಲ್ಲಿ ಕುಲ; ಆಮೆ ನಮ್ಮ ಕುಲದ ಗುರುತು, ಕಂಡಲ್ಲಿ ಕೈಮುಗಿಯುತ್ತೇವೆ. ನಮ್ಮ ಜನರಲ್ಲಿ ಒಂದೇ ಬೆಡಗಿನವರೆಂದರೆ ಒಂದೇ ರಕ್ತ, ಪರಿಚಯವಿಲ್ಲದಿದ್ದರೂ ಅಣ್ಣ-ತಂಗಿ.

“ಹಂಗಾರ ನೀ ನಮ್ಮಣ್ಣ ಆದಿ ನೋಡಪಾ. ನಮ್ಮ ಬೆಡಗಿನ ಗಂಡಸರ ಗುಣಾ ನನಗ ಗೊತ್ತೈತಿ. ಸಿಟ್ಟು ಬಂದ್ರ ಬೈಯೂದಿಲ್ಲ, ಜಗಳಾಡೂದಿಲ್ಲ. ತಲಿ ಒಳಗ ಎಳಕೊಂಡು ಕುಂತುಬಿಡ್ತಾರ.”

ಜೀಪಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗಲಾಗಲಿಲ್ಲ.

ತಿಕೋಟಾದಲ್ಲಿ ನನ್ನ ಒಡಹುಟ್ಟಿದ ತಂಗಿಯಿದ್ದಾಳೆ. ಅವಳ ಮಗಳ ಮದುವೆಯಲ್ಲಿ, ಸೋದರಮಾವನಾದ ನನ್ನನ್ನು ಬಿಟ್ಟು ಬೇರೆಯವರಿಗೆ ಮೊದಲು ಆಯೇರಿಯ ಉಡುಗೊರೆ ಕೊಟ್ಟರೆಂದು ಮುನಿಸಿಕೊಂಡು ಬಂದೆ. ಆಮೇಲೆ ಯಾವ ಪಂಚಮಿಗೂ ಅವಳನ್ನು ತವರಿಗೆ ಕರೆತರಲು ಹೋಗಲಿಲ್ಲ. ಅವಳು ಹೇಳಿಕಳಿಸಿದಾಗಲೂ ಬಾಯಿ ಬಿಡಲಿಲ್ಲ. ಆಮೆಯೆಂದರೆ ಮನಸ್ಸನ್ನು ಹಿಡಿತದಲ್ಲಿಟ್ಟವರ ಗುರುತು ಎಂದು ಪ್ರವಚನದಲ್ಲಿ ಕೇಳಿ, ನಾನೂ ಅಂಥವನೇ ಎಂದು ಹೆಮ್ಮೆಪಟ್ಟಿದ್ದೆ. ನನ್ನದು ಬರೀ ಹಟವಾಗಿತ್ತು.

ಸಂತೆಯಲ್ಲಿ ಇಳಿದಾಗ ಆ ಹೆಣ್ಣುಮಗಳು, “ಬರ್ತೀನಣ್ಣಾ,” ಎಂದು ಹೇಳಿ ಹೋದಳು. ನನ್ನನ್ನು ಯಾರಾದರೂ ಹಾಗೆ ಕರೆದು ಎಷ್ಟೋ ಕಾಲವಾಗಿತ್ತು. ತಂಗಿಯ ಬಾಯಿಂದ ಆ ಮಾತು ಕೇಳಬೇಕೆಂಬ ಹಂಬಲ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಪಂಚಮಿ ಹತ್ತಿರ ಬಂದಿದೆ. ಈ ಸಲ ತಿಕೋಟಾಕ್ಕೆ ಹೋಗುತ್ತೇನೆ. ಅವಳು ಬರಲಿ, ಬಿಡಲಿ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತೇನೆ.