ಮೂರನೇ ಮಗ್ಗದ ಮರಿ

ಹಳೆಯ ಕಾಂಡಿ ಡಬ್ಬಿಯೊಂದನ್ನು ಗುಜರಿಗೆ ಹಾಕಲೆಂದು ಇವತ್ತು ಬೆಳಿಗ್ಗೆ ಅಟ್ಟದಿಂದ ಇಳಿಸಿದೆ. ಕಾಂಡಿ ಎಂದರೆ ಹಳೇ ನಮೂನೆಯ ಮಗ್ಗದಲ್ಲಿ ಲಾಳಿಯ ಹೊಟ್ಟೆಯೊಳಗೆ ಕೂರುವ, ನೂಲು ಸುತ್ತಿದ ಗೇಣುದ್ದದ ಕೋಲು. ನಮ್ಮಲ್ಲಿಗೆ ಲಾಳಿಯೇ ಇಲ್ಲದ ಹೊಸ ಮಗ್ಗಗಳು ಬಂದಮೇಲೆ ಕಾಂಡಿಗಳಿಗೂ ಡಬ್ಬಿಗೂ ಕೆಲಸವಿಲ್ಲ. ಧೂಳು ಕೊಡವಿದರೆ ತಳದಲ್ಲಿ ಹತ್ತಿಯ ಅರಳೆ ಮೆತ್ತಗೆ ಗೂಡು ಕಟ್ಟಿಕೊಂಡಿತ್ತು. ಅದರ ನಡುವೆ ಒಂದು ಪುಟ್ಟ ಕಂದು ಗರಿ. ಮೂಸಿ ನೋಡಿದೆ. ಮಗ್ಗದ ಎಣ್ಣೆ, ಹತ್ತಿ, ಚೂರು ಕೋಳಿ. ಈ ಮೂರೂ ಒಟ್ಟಿಗೆ ಕಲೆತ ವಾಸನೆ ಇಚಲಕರಂಜಿ ಪಕ್ಕದ ನಮ್ಮ ಕಬನೂರು ಬಿಟ್ಟರೆ ಇನ್ನೆಲ್ಲಿಯಾದರೂ ಸಿಕ್ಕರೆ ನನಗೂ ತಿಳಿಸಿ, ಬಂದು ಮೂಸುತ್ತೇನೆ.

ಗರಿಯ ಕಥೆ ಹೇಳುವ ಮೊದಲು ನನ್ನದೊಂದಿಷ್ಟು ಹೇಳಬೇಕು. ನಾನು ಬೇರೆಯವರ ದನಿಯ ಮೇಲೆ ಬದುಕುವ ಮನುಷ್ಯ. ಇಚಲಕರಂಜಿಯ ಬಸ್ಸಿನ ಕಂಡಕ್ಟರು ಮೂಗಿನಿಂದ ಊರಿನ ಹೆಸರು ಕೂಗುವುದು, ನಮ್ಮ ಓಣಿಯ ಡಾಕ್ಟರು ರೋಗಿಗಿಂತ ಮೊದಲು ತಾವೇ ಕೆಮ್ಮುವುದು, ಪಕ್ಕದ ಮನೆಯ ಶಕುಮಾವಶಿ ಮರಾಠಿಯಲ್ಲಿ ಶುರು ಮಾಡಿದ ಬೈಗುಳವನ್ನು ಕನ್ನಡದಲ್ಲಿ ಮುಗಿಸುವುದು, ಎಲ್ಲವೂ ನನ್ನ ಗಂಟಲಲ್ಲಿವೆ. ಮದುವೆಮನೆಯಲ್ಲಿ ಊಟಕ್ಕಿಂತ ಮೊದಲು ನನ್ನನ್ನು ಕರೆಯುತ್ತಾರೆ. ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ತಬ್ಬಿಬ್ಬಾಗುತ್ತೇನೆ. ಎತ್ತರದ ವಿಚಾರಕ್ಕೆ ಬಂದರೆ, ದೇವರು ನನ್ನನ್ನು ಮಾಡುವಾಗ ನೂಲು ಸಾಲದೆ ಅರ್ಧಕ್ಕೇ ಕತ್ತರಿಸಿದಂತಿದೆ. ಕಾಲೇಜಿಗೆ ಸೇರಿದ ದಿನ ಗೇಟಿನವನು, "ಹೈಸ್ಕೂಲ್ ಆ ಕಡಿ ಐತಿ" ಎಂದ. ಅವನ ದನಿಯನ್ನೂ ಅಂದೇ ಕದ್ದೆ.

ನಮ್ಮಲ್ಲಿ ಕೂಸುಗಳನ್ನು ಬೆಳೆಸುವ ರೀತಿಯೇ ಬೇರೆ. ಅಪ್ಪ ಮಗ್ಗ ಓಡಿಸುತ್ತಾನೆ, ಅವ್ವ ಕಾಂಡಿ ತುಂಬುತ್ತಾಳೆ, ಇಬ್ಬರ ಕಣ್ಣೆದುರಿಗೇ ಇರಲೆಂದು ಮಗ್ಗದ ಶೆಡ್ಡಿನಲ್ಲೇ ಹಳೇ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುತ್ತಾರೆ. ಹೊರಗಿನಿಂದ ಬಂದ ಬೀಗರು ಕಿವಿ ಮುಚ್ಚಿಕೊಂಡು, "ಈ ಗದ್ದಲದಾಗ ಕೂಸು ಹೆಂಗ ಮಲಗತೈತ್ರಿ?" ಎಂದು ಕೇಳುತ್ತಾರೆ. ಕೂಸು ಸೊಗಸಾಗಿ ಮಲಗುತ್ತದೆ. ಲೈಟ್ ಹೋಗಿ ಮಗ್ಗಗಳು ನಿಂತವೋ, ಓಣಿಯ ಕೂಸುಗಳೆಲ್ಲ ಒಮ್ಮೆಲೇ ಎದ್ದು ಚೀರುತ್ತವೆ. ನಾನಂತೂ ನಮ್ಮ ಮೂರನೇ ಮಗ್ಗ ನಿಂತರೆ ಸಾಕು, ಉಳಿದ ಮೂರು ಓಡುತ್ತಿದ್ದರೂ ಅಳುತ್ತಿದ್ದೆನಂತೆ. ಆ ಮೂರನೆಯದು ಕುಂಟು ಮಗ್ಗ. ಖಟಾ ಖಟ್, ಖಟಾ ಖಟ್ ಎನ್ನುತ್ತ ಹೋಗಿ, ನಡುವೆ ಉಸಿರು ಹಿಡಿದಂತೆ ತಡೆದು, ಠಕ್ ಎನ್ನುತ್ತಿತ್ತು. ಬಟ್ಟೆಯನ್ನು ಮಾತ್ರ ಚೆಂದ ನೇಯುತ್ತಿತ್ತು.

ಈಗ ಕೋಳಿ. ಗಡಹಿಂಗ್ಲಜ್ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಜ್ಜಿ, ಎಂದರೆ ಅವ್ವನ ಅವ್ವ, ಜವಾರಿ ಕೋಳಿ ಸಾಕುತ್ತಾಳೆ. ಕೆಲವು ವರ್ಷದ ಹಿಂದೆ ಕಾವಿಗೆ ಕೂತ ಒಂದು ಹೇಟೆಯನ್ನೂ ಒಂದು ಬುಟ್ಟಿ ತತ್ತಿಯನ್ನೂ ಬಸ್ಸಿನಲ್ಲಿ ಮಡಿಲಿಗಿಟ್ಟುಕೊಂಡು ಬಂದು ಅವ್ವನಿಗೆ ಕೊಟ್ಟಳು. ಹಿತ್ತಿಲಲ್ಲಿ ಬೆಕ್ಕಿನ ಕಾಟ. ಅವ್ವ ತನಗೆ ಗೊತ್ತಿದ್ದ ಸುರಕ್ಷಿತ ಜಾಗದಲ್ಲೇ ಬುಟ್ಟಿ ಇಟ್ಟಳು: ಶೆಡ್ಡಿನ ಮೂಲೆ, ಮೂರನೇ ಮಗ್ಗದ ಮಗ್ಗುಲು. ಬೆಚ್ಚಗಿರುತ್ತದೆ, ಕಣ್ಣೆದುರಿಗಿರುತ್ತದೆ. ಮಗನನ್ನು ಬೆಳೆಸಿದ ಹಾಗೆಯೇ ಕೋಳಿಯನ್ನೂ ಬೆಳೆಸಲು ಹೊರಟಳು. ಮಗ ಹೇಗೆ ಬೆಳೆದಿದ್ದಾನೆಂದು ಒಮ್ಮೆ ನೋಡಿಯಾದರೂ ನೋಡಬಾರದಿತ್ತೇ!

ಮರಿಗಳು ಒಡೆದು ಬಂದವು. ಹೇಟೆ ಅವನ್ನು ಕರೆದುಕೊಂಡು ಹಿತ್ತಿಲಿಗೆ ಹೋಯಿತು. ಒಂದು ತತ್ತಿ ಮಾತ್ರ ಹಾಗೇ ಉಳಿಯಿತು. ಎಸೆಯಲು ಹೋದ ಅಪ್ಪನ ಕೈಯಿಂದ ಅವ್ವ ಅದನ್ನು ಕಸಿದುಕೊಂಡು ಅಂಗೈಯಲ್ಲಿ ಮುಚ್ಚಿ ಹಿಡಿದಳು. ಮಗ್ಗದ ಸದ್ದಿನಲ್ಲಿ ಕಿವಿಗೆ ಕೆಲಸವಿಲ್ಲ. ಅಂಗೈಗೆ ಒಳಗಿನ ಕುಟುಕು ತಾಗಿತು. "ಒಳಗ ಜೀವ ಐತ್ರೀ!" ಎಂದು ಕೂಗಿ, ಕಾಂಡಿ ಡಬ್ಬಿಯಲ್ಲಿ ಹತ್ತಿಯ ಅರಳೆ ಹಾಸಿ, ತತ್ತಿಯನ್ನು ಅದರಲ್ಲಿಟ್ಟು, ಮೂರನೇ ಮಗ್ಗದ ಬಿಸಿ ಮೋಟಾರಿನ ಪಕ್ಕ ಇಟ್ಟಳು. ಮರುದಿನ ಡಬ್ಬಿಯಿಂದ ಒಂದು ಒದ್ದೆ ತಲೆ ಮೇಲೆದ್ದಿತು. ಹಿತ್ತಿಲಿಗೆ ಒಯ್ದು ಬಿಟ್ಟರೆ ಹೇಟೆ, 'ಇದು ನನ್ನದಲ್ಲ' ಎಂಬಂತೆ ಕುಕ್ಕಿ ಓಡಿಸಿತು. ಮರಿ ಮತ್ತೆ ಡಬ್ಬಿಗೇ ಬಂತು. ಹೆಸರೂ ಕಾಂಡಿ ಎಂದೇ ಆಯಿತು.

ಕಾಂಡಿ ಬೆಳೆಯಲಿಲ್ಲ. ಅದರ ಒಡಹುಟ್ಟಿದವರಿಗೆ ರೆಕ್ಕೆ ಮೂಡಿ, ಬಾಲ ಬಂದು, ತಮ್ಮತಮ್ಮೊಳಗೆ ಜಗಳ ಶುರುವಾದರೂ ಇದು ಮಾತ್ರ ಮುಷ್ಟಿಯಲ್ಲಿ ಹಿಡಿಸುವಷ್ಟೇ ಇತ್ತು. ನುಚ್ಚು ಹಾಕಿದರೆ ಎರಡು ಕಾಳು ಕುಕ್ಕಿ ನಿಲ್ಲಿಸುತ್ತಿತ್ತು. ಹಿತ್ತಿಲಿಗೆ ಬಿಟ್ಟರೆ ತಿಪ್ಪೆ ಕೆದರದೆ ಶೆಡ್ಡಿನ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿತ್ತು. ದನದ ಡಾಕ್ಟರು ಬಾಯಿಗೆ ಹನಿ ಬಿಡುವ ಔಷಧ ಕೊಟ್ಟರು. ಔಷಧ ಮುಗಿಯಿತು, ಮರಿ ಅಷ್ಟೇ ಇತ್ತು. ಸಂಜೆ ಕೈಗೆತ್ತಿಕೊಂಡರೆ ಎದೆಯ ಎಲುಬು ಚುಚ್ಚುತ್ತಿತ್ತು.

ಶಕುಮಾವಶಿಗೆ ಇದಕ್ಕಿಂತ ಒಳ್ಳೆಯ ಸುಗ್ಗಿ ಬೇಕೆ? ಕಟ್ಟೆಯ ಆಚೆಯಿಂದ ನಮ್ಮಿಬ್ಬರನ್ನೂ ಒಂದೇ ನೋಟದಲ್ಲಿ ಅಳೆದು, "ಅಗೋ ಬಾಯಿ! ನಿನ್ನ ಪೋರಗಾನೂ ಹಂಗ, ನಿನ್ನ ಪಿಲ್ಲೂನೂ ಹಂಗ. ನಿಮ್ಮನಿ ನೀರಿನಾಗ ಏನರ ಐತೇನ?" ಎಂದಳು. ನಾನು ಅದೇ ದನಿಯಲ್ಲಿ ಅದೇ ಮಾತನ್ನು ಅವಳಿಗೇ ತಿರುಗಿಸಿ ಹೇಳಿ ನಗಿಸಿದೆ. ಆದರೆ ಅವ್ವ ನಗಲಿಲ್ಲ. ಅಜ್ಜಿ ಫೋನಿನಲ್ಲಿ, "ಹಿಂಗs ಇದ್ರ ಬದುಕೂದಿಲ್ಲವ್ವಾ, ಆಶಾ ಬಿಡು" ಎಂದಿದ್ದಳು. ಅಂದಿನಿಂದ ಅವ್ವ ಮಗ್ಗದ ಕಾಂಡಿ ತುಂಬುವಾಗೆಲ್ಲ ಡಬ್ಬಿಯ ಕಡೆ ನೋಡಿ ನೂಲು ತಪ್ಪಿಸುತ್ತಿದ್ದಳು. ಅಂಗೈಯಲ್ಲಿ ಅದರ ಕುಟುಕು ಕೇಳಿಸಿಕೊಂಡವಳು ಅವಳೊಬ್ಬಳೇ ಅಲ್ಲವೆ? ನಾನು ಜಂಬದಿಂದ ಹೇಳಿಬಿಟ್ಟೆ: "ಅವ್ವಾ, ಇದನ್ನ ನಾ ಬೆಳಸ್ತೀನಿ." ಅಪ್ಪ ಎಣ್ಣೆಯ ಕೈ ಒರೆಸಿಕೊಳ್ಳುತ್ತ, "ಮೊದಲ ನೀ ಬೆಳಿ" ಎಂದ.

ಮಗ್ಗಗಳಿಗೆ ವಾರದ ರಜೆ ಇದ್ದ ದಿನ. ಊರೇ ಕಿವುಡಾದಂತಿತ್ತು. ಕಾಂಡಿ ಶೆಡ್ಡಿನ ಗೋಡೆಗೆ ಕಿವಿ ಹಚ್ಚಿ ಅಲ್ಲಿಂದಿಲ್ಲಿಗೆ ಓಡಾಡುತ್ತ ಚಿಂವ್‌ಗುಡುತ್ತಿತ್ತು. ಹಿತ್ತಿಲಲ್ಲಿ ಮಾವಶಿಯೂ ಓಣಿಯ ಇನ್ನಿಬ್ಬರೂ ಕೂತು, "ಏನರ ಮಾಡಿ ತೋರಸೋ" ಎಂದರು. ಮನುಷ್ಯರನ್ನು ಮಾಡಿ ಮಾಡಿ ನನಗೂ ಬೇಸರವಾಗಿತ್ತು. ಅವತ್ತು ಮಗ್ಗಗಳನ್ನು ಮಾಡಿದೆ. ಪ್ರತಿ ಶೆಡ್ಡಿಗೂ ಅದರದೇ ತಾಳವಿದೆ, ಓಣಿಯವರಿಗೆ ಕಣ್ಣು ಮುಚ್ಚಿದರೂ ಗುರುತು ಸಿಗುತ್ತದೆ. ಮಾವಶಿಯ ಮನೆಯ ಅವಸರದ ಮಗ್ಗ ಮಾಡಿದೆ, ನಕ್ಕರು. ಮೂಲೆಮನೆಯ, ಎಣ್ಣೆ ಕಾಣದೆ ಕಿರುಗುಡುವ ಮಗ್ಗ ಮಾಡಿದೆ. ಅದರ ಯಜಮಾನ ಅಲ್ಲೇ ಕೂತಿದ್ದ, ಇನ್ನೂ ಜೋರಾಗಿ ನಕ್ಕರು. ಕೊನೆಗೆ ನಾಲಿಗೆಯನ್ನು ಅಂಗುಳಕ್ಕೆ ಬಡಿದು ನಮ್ಮ ಮೂರನೆಯದನ್ನು ಶುರು ಮಾಡಿದೆ: ಖಟಾ ಖಟ್, ಖಟಾ ಖಟ್...

ಕಾಂಡಿಯ ಚಿಂವ್‌ಚಿಂವ್ ನಿಂತಿತು. ಗೋಡೆ ಬಿಟ್ಟು, ಹಿತ್ತಿಲನ್ನು ಅಡ್ಡ ಹಾಯ್ದು, ಎಡವುತ್ತ ಬಿದ್ದೇಳುತ್ತ ಓಡಿಬಂದು ನನ್ನ ಪಾದದ ಮೇಲೆ ಹತ್ತಿ ಕೂತಿತು. ನಾನು ಬಾಯಿ ಮುಚ್ಚಿದೆ. ಅದು ಕೆಳಗಿಳಿದು ಸುತ್ತ ನೋಡಿತು. ಮಾವಶಿಯ ಮಗ್ಗ ಮಾಡಿದೆ, ತಿರುಗಿಯೂ ನೋಡಲಿಲ್ಲ. ಮತ್ತೆ ಮೂರನೆಯದು, ಮತ್ತೆ ಪಾದದ ಮೇಲೆ!

"ಬಾಪರೇ!" ಎಂದಳು ಮಾವಶಿ. "ಇದು ಮಗ್ಗಕ್ಕs ತನ್ನ ಹಡದ ಆಯಿ ಅಂತ ತಿಳದೈತಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಆಗ ಹೊಳೆಯಿತು. ತತ್ತಿಯೊಳಗಿದ್ದಾಗಲೇ ಅದು ಕೇಳಿದ್ದು ಆ ಸದ್ದು. ಉಳಿದ ಮರಿಗಳನ್ನು ತಾಯಿ ಕುಟ್ ಕುಟ್ ಎಂದು ಕರೆದು, ಇದು ಕಾಳು, ಇದು ಹುಳ ಎಂದು ಕುಕ್ಕಿ ತೋರಿಸಿ ಉಣಿಸಿತ್ತು. ಈ ಪಾಪದ ಪ್ರಾಣಿ ಕುಂಟು ಮಗ್ಗದ ಬಳಿ ಕಾದು ಕೂತಿತ್ತು. ಮಗ್ಗ ಬಟ್ಟೆ ನೇಯಬಲ್ಲದು, ಹುಳ ತೋರಿಸಬಲ್ಲದೆ? ಕಾಯಿಲೆಯಿಲ್ಲ, ಏನಿಲ್ಲ. ಉಣ್ಣು ಎನ್ನುವವರಿಲ್ಲದೆ ಉಳಿದ ಮರಿ ಅದು.

ಅಂದಿನಿಂದ ನಾನು ಮಗ್ಗವಾದೆ. ಶೆಡ್ಡಿನ ಸದ್ದು ಕೇಳಿಸದಷ್ಟು ದೂರ, ಊರಾಚೆಯ ಬಯಲಿಗೆ ಡಬ್ಬಿ ಹೊತ್ತು ಹೋಗಿ, ಕುಕ್ಕುರುಗಾಲಿನಲ್ಲಿ ಕೂತು ಬಾಯಲ್ಲಿ ಮೂರನೇ ಮಗ್ಗ ಓಡಿಸುತ್ತ, ತೋರುಬೆರಳಿನಿಂದ ನುಚ್ಚು ಕುಕ್ಕುತ್ತಿದ್ದೆ. ಬೆರಳು ಕುಕ್ಕಿದಲ್ಲಿ ಕಾಂಡಿಯೂ ಕುಕ್ಕಿತು. ಗೆದ್ದಲು ತೋರಿಸಿದೆ, ಮಿಡತೆ ತೋರಿಸಿದೆ. ಕಾಲೇಜಿನ ಗೆಳೆಯರು ಬೈಕು ನಿಲ್ಲಿಸಿ, "ಏನ್ಲೇ, ಮಣ್ಣಾಗ ಏನ ಹುಡಕಾಕತ್ತಿ?" ಎಂದರೆ ಉತ್ತರಿಸಲು ಬಾಯಿ ಖಾಲಿ ಇರಲಿಲ್ಲ. ಖಟಾ ಖಟ್ ಎಂದೇ ಉತ್ತರಿಸಿದೆ. ಆಮೇಲೆ ಆ ತಾಳದ ನಡುವೆ ಹೇಟೆಯ ಕುಟ್ ಕುಟ್ ಒಂದೊಂದೇ ಬೆರೆಸತೊಡಗಿದೆ. ಮುಂದೆ ಅದು ಕೋಳಿಗಳ ನಡುವೆ ಬಾಳಬೇಕಲ್ಲ! ತುಸು ತುಸುವೇ ಎದೆಯ ಎಲುಬಿನ ಮೇಲೆ ಮಾಂಸ ಮೂಡಿತು.

ಇನ್ನೊಂದು ರಜೆಯ ದಿನ ಹಿತ್ತಿಲಲ್ಲೇ ಪಾಠ ನಡೆದಿತ್ತು. ಇದ್ದಕ್ಕಿದ್ದಂತೆ ಒಳಗಿನಿಂದ ಅಪ್ಪ, ಅರ್ಧ ಗಡ್ಡ ಬೋಳಿಸಿದ ಮುಖದಲ್ಲಿ, ನೊರೆ ಸಮೇತ ಓಡಿಬಂದ. "ಮೂರನೇದು ಯಾರಲೇ ಚಾಲೂ ಮಾಡಿದವ್ರು? ನೂಲ ಹಾಕಿಲ್ಲ ಅದಕ!" ಎನ್ನುತ್ತ ಶೆಡ್ಡಿನ ಬಾಗಿಲು ತೆಗೆದ. ಒಳಗೆ ನಾಲ್ಕೂ ಮಗ್ಗ ತೆಪ್ಪಗೆ ನಿಂತಿದ್ದವು. ತಿರುಗಿ ನನ್ನನ್ನು ನೋಡಿದ. ನಾನು ಬಾಯಿ ತೆರೆದೇ ಕೂತಿದ್ದೆ, ಕಾಂಡಿ ನನ್ನ ಬೆರಳು ಕುಕ್ಕುತ್ತಿತ್ತು.

ಓದುಗರೇ, ಮೂವತ್ತು ವರ್ಷ ಆ ಮಗ್ಗದ ಮುಂದೆ ನಿಂತ ಕಿವಿಗೆ ನನ್ನ ನಾಲಿಗೆ ಮೋಸ ಮಾಡಿತ್ತು. ಮದುವೆಮನೆಗಳಲ್ಲಿ ಎಷ್ಟೋ ಚಪ್ಪಾಳೆ ಕಂಡಿದ್ದೇನೆ. ಆದರೆ ಆ ಅರ್ಧ ಗಡ್ಡದ ಮುಂದೆ ಅವೆಲ್ಲ ಸಪ್ಪೆ.

ನನ್ನ ಮಿಮಿಕ್ರಿಯನ್ನು 'ಮಂಗ್ಯಾನಾಟ' ಎನ್ನುತ್ತಿದ್ದ ಅಪ್ಪ ಬೈಯಲಿಲ್ಲ. ನಿಧಾನಕ್ಕೆ ಬಂದು ಪಕ್ಕದಲ್ಲಿ ಕೂತ. "ಇನ್ನೊಮ್ಮೆ ಮಾಡು." ಮಾಡಿದೆ. ತಲೆಯಾಡಿಸಿದ. "ಆ ಕೊನೀ ಠಕ್ ಐತಲ್ಲ, ಅದಕ ನೀ ಅವಸರ ಮಾಡಾಕತ್ತಿ. ಅದರ ಗುಣಾನs ತಡಾ. ತಡಾ ಮಾಡ್ಲಿ ಬಿಡು, ಬರತೈತಿ." ಆಮೇಲೆ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನೊರೆ ಮೆತ್ತಿದ ಬಾಯಲ್ಲಿ ತಾನೇ ಒಮ್ಮೆ ಮಾಡಿ ತೋರಿಸಿದ. ಕಾಂಡಿ ನನ್ನನ್ನು ಬಿಟ್ಟು ಅಪ್ಪನ ಪಾದ ಹತ್ತಿತು. ಕಿಟಕಿಯಲ್ಲಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಬಹಳ ದಿನಗಳ ಮೇಲೆ. ನನ್ನ ದನಿಗಳ್ಳತನದ ಮೂಲ ಯಾವ ಮನೆತನದ್ದೆಂದು ನನಗೆ ತಿಳಿದದ್ದೂ ಅವತ್ತೇ.

ಕಾಂಡಿ ಬೆಳೆಯಿತು. ಗಜಗಾತ್ರವೇನೂ ಆಗಲಿಲ್ಲ, ಈಗಲೂ ಓಣಿಯ ಹೇಟೆಗಳಲ್ಲೇ ಗಿಡ್ಡ. ಆದರೆ ಶಕುಮಾವಶಿಯ ಬೆಕ್ಕನ್ನು ಒಮ್ಮೆ ಅವರ ಅಡಿಗೆಮನೆಯವರೆಗೂ ಅಟ್ಟಿಸಿಕೊಂಡು ಹೋಗಿತ್ತು. ಮೂರನೇ ಮಗ್ಗ ಉಳಿದ ಮೂರರ ಜೊತೆ ಗುಜರಿಗೆ ಹೋಯಿತು. ಹೊಸವು ಒಂದೇ ಸಮನೆ ರೊಂಯ್ಯೆನ್ನುತ್ತವೆ. ಎಷ್ಟು ಪ್ರಯತ್ನಿಸಿದರೂ ಅವುಗಳ ದನಿ ನನಗೆ ಹತ್ತಿಲ್ಲ. ಎಲ್ಲಿಯೂ ತಪ್ಪದವರ ನಕಲು ಮಾಡುವುದು ಹೇಗೆ ಹೇಳಿ?

ಗರಿ ಹಿಡಿದು ಇಷ್ಟೆಲ್ಲ ನೆನೆಯುವಷ್ಟರಲ್ಲಿ ಲೈಟ್ ಹೋಯಿತು. ಮಗ್ಗಗಳು ನಿಂತವು, ಓಣಿಯ ಕೂಸುಗಳು ಎದ್ದವು. ಆ ಗದ್ದಲ ತಣ್ಣಗಾದ ಮೇಲೆ ಹಿತ್ತಿಲಿಂದ ಒಂದು ದನಿ ಕೇಳಿಸಿತು. ಕಾಂಡಿ ಈ ಸಲ ಮೊದಲ ಬಾರಿಗೆ ಮರಿ ಮಾಡಿದೆ. ತಿಪ್ಪೆ ಕೆದರಿ ಮರಿಗಳನ್ನು ಕರೆಯುತ್ತಿತ್ತು. ಕುಟುಕ್ ಕುಟ್, ಕುಟುಕ್ ಕುಟ್... ಒಂದು ತಡೆ... ಟುಕ್! ಮರಿಗಳು ದಡದಡನೆ ಓಡಿಬಂದವು. ಎಲ್ಲಕ್ಕಿಂತ ಹಿಂದಿದ್ದ ಸಣ್ಣದು ಬಂದು ಸೇರುವವರೆಗೂ ಕಾಂಡಿ ಕಾಳನ್ನು ಕೊಕ್ಕಿನಲ್ಲೇ ಹಿಡಿದು ನಿಂತಿತು.

ಅಪ್ಪ ಯಾವಾಗಲೋ ನನ್ನ ಹಿಂದೆ ಬಾಗಿಲಲ್ಲಿ ಬಂದು ನಿಂತಿದ್ದ. ನನ್ನ ಕೈಯಲ್ಲಿದ್ದ ಡಬ್ಬಿಯನ್ನು ಇಸಿದುಕೊಂಡು, ಗರಿಯನ್ನು ಅದರೊಳಗೇ ಇಟ್ಟು, ಮತ್ತೆ ಅಟ್ಟದ ಮೇಲೆ ಸರಿಸಿದ.

"ಕೇಳಿದ್ಯಾ?" ಎಂದ. "ಆ ಠಕ್ ಹೆಂಗ ಬರಬೇಕಂತ ನಿನಗ ಹೇಳಿ ಹೇಳಿ ಸಾಕಾತು. ನೋಡು, ಅಕಿಗಿ ಬಂತು."