ನಡುಮನೆಗೆ ಹಿಡಿಸಿದ ರಾಡು

ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಭಾರ ಎತ್ತುವ ಹುಚ್ಚು ಹಿಡಿಸಿಕೊಂಡಳು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿರಬೇಕು. ಹೊಳೆನರಸೀಪುರದಲ್ಲಿ ನಮಗೆ ಗೊತ್ತಿದ್ದ ಜಿಮ್ಮಿಗೆ ಗಂಡು ಹುಡುಗರೇ ಹೋಗುತ್ತಿದ್ದರು. ಕಾಲೇಜಿನ ವ್ಯಾಯಾಮದ ಕೋಣೆಗೆ ಮಧ್ಯಾಹ್ನವೇ ಬೀಗ ಬೀಳುತ್ತಿತ್ತು. ಗೊರೂರಿನ ನೀರಾವರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಯಾರದೋ ಹಳೆಯ ಬೆಂಚು, ಸ್ಟ್ಯಾಂಡು, ಏಳಡಿ ರಾಡು, ಕಬ್ಬಿಣದ ಪ್ಲೇಟುಗಳನ್ನು ಮನೆಗೇ ತರಿಸಿಕೊಟ್ಟರು.

ಬೆಂಚಿನ ಮೇಲೆ ಅಂಗಾತ ಮಲಗಿ, ಸ್ಟ್ಯಾಂಡಿನ ಮೇಲಿರುವ ರಾಡನ್ನು ಎರಡೂ ಕೈಯಲ್ಲಿ ಎತ್ತಿ, ಎದೆಯವರೆಗೆ ಇಳಿಸಿ, ಮತ್ತೆ ಮೇಲಕ್ಕೆ ತಳ್ಳಬೇಕು. ಕಬ್ಬಿಣ ಮೇಲೆ, ಮಗು ಕೆಳಗೆ. ಮೊದಲ ದಿನವೇ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯಿತು. ಒಲೆ ಮುಂದೆ ಇದ್ದರೂ ಕಿವಿ ನಡುಮನೆಯಲ್ಲೇ ಇರುತ್ತಿತ್ತು. ರಾಡು ವಾಪಸ್ಸು ಸ್ಟ್ಯಾಂಡಿನ ಮೇಲೆ ಕೂತ ಶಬ್ದ ಕೇಳಿದಾಗ ಮಾತ್ರ ಸೌಟು ಆಡಿಸುತ್ತಿದ್ದೆ. ಆ ಶಬ್ದ ಬಂದಾಗಲೆಲ್ಲ ನರಸಿಂಹಸ್ವಾಮಿಗೆ ಒಂದು ನಮಸ್ಕಾರ ಸಲ್ಲುತ್ತಿತ್ತು.

ನಮ್ಮ ನಡುಮನೆ ಪೂರ್ವ ಪಶ್ಚಿಮಕ್ಕೆ ಉದ್ದ, ಅಗಲ ಕಮ್ಮಿ. ದೇವರ ಕೋಣೆಯ ಬಾಗಿಲು ಉತ್ತರದ ಗೋಡೆಯಲ್ಲಿ. ರಾಡು ಮನೆಯ ಉದ್ದಕ್ಕೆ ಬರುವಂತೆ ಬೆಂಚು ಹಾಕಿದ್ದರೆ ಬೇಕಾದಷ್ಟು ಜಾಗವಿತ್ತು. ಆದರೆ ಆಗ ಮಲಗಿದವಳ ಕಾಲು ದೇವರ ಕಡೆ ಆಗುತ್ತದೆ. ಬೆಂಚು ತಿರುಗಿಸಿದರೆ ತಲೆ ಉತ್ತರಕ್ಕೆ. ಎರಡೂ ಆಗದ ಮಾತು. ಆದ್ದರಿಂದ ತಲೆ ಪೂರ್ವಕ್ಕೆ ಬರುವಂತೆ ಬೆಂಚು ಹಾಕಿದೆವು. ರಾಡು ಮನೆಯ ಅಗಲಕ್ಕೆ ಅಡ್ಡಲಾಗಿ, ಎರಡೂ ತುದಿ ಗೋಡೆಗೆ ಗೇಣು ದೂರದಲ್ಲಿ ನಿಂತಿತು. ಪ್ಲೇಟು ಹಾಕಬೇಕಾದರೆ ರಾಡನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಸರಿಸಬೇಕು. ಸರಿಸಿದ ಮೇಲೆ ನಡುವಿಗೆ ತಂದು ನಿಲ್ಲಿಸಬೇಕು.

ಒಂದು ಶುಕ್ರವಾರ ಮಧ್ಯಾಹ್ನ ಅದು ನಡುವಿಗೆ ಬಂದಿರಲಿಲ್ಲ. ನಾನು ಅಡುಗೆಮನೆಯಲ್ಲಿ ಹೂ ಕಟ್ಟುತ್ತಿದ್ದೆ. ಗೋಡೆ ಗೀರಿದ ಸದ್ದು, ಅದರ ಹಿಂದೆಯೇ ಮನೆಯೇ ಬಿದ್ದಂಥ ಸದ್ದು. ಓಡಿ ಬಂದೆ. ರಾಡಿನ ಬಲತುದಿ ಗೋಡೆಗೆ ಸಿಕ್ಕಿ, ಎಡಗಡೆ ವಾಲಿ, ಆ ಕಡೆಯ ಪ್ಲೇಟುಗಳೆಲ್ಲ ಜಾರಿ ಬಿದ್ದಿದ್ದವು. ಭಾರ ಒಂದೇ ಕಡೆ ಉಳಿದದ್ದರಿಂದ ರಾಡು ಮಗುಚಿಕೊಂಡು ಅವಳ ಕಿವಿಯ ಪಕ್ಕದಲ್ಲೇ ಹಾದು ನೆಲಕ್ಕೆ ಬಡಿದಿತ್ತು. ಗಾರೆ ಬಿರುಕು ಬಿಟ್ಟಿತ್ತು. ಅವಳು ಕಣ್ಣು ಬಿಟ್ಟುಕೊಂಡು ಮಲಗಿಯೇ ಇದ್ದಳು. ಅವಳ ಕುತ್ತಿಗೆ, ಕೆನ್ನೆ, ತಲೆ ಎಲ್ಲ ಸವರಿ ನೋಡಿದೆ. ಒಂದು ಗೀರೂ ಇರಲಿಲ್ಲ. ಆಮೇಲೆ ಅಲ್ಲೇ ಕೂತುಬಿಟ್ಟೆ.

ಸಾಯಂಕಾಲ ಯಜಮಾನರು ಗೊರೂರಿನ ಬಸ್ಸಿಳಿದು ಬಂದು, ಬಿರುಕು ನೋಡಿ, "ಬೆಂಚನ್ನ ತಿರುಗಿಸಿ ಹಾಕ್ಬಿಡೋಣ" ಅಂದರು.

ನಮ್ಮತ್ತೆ ಜಪದ ಮಣೆಯಿಂದಲೇ ಕೇಳಿದರು: "ಯಾವ ಕಡೆಗೋ ತಿರುಗಿಸ್ತೀಯ? ಉತ್ತರಕ್ಕೆ ತಲೆ ಹಾಕಿ ಅಂಗಾತ ಮಲಗಿಸೋದು ಯಾರನ್ನ?"

"ಹಂಗಾದ್ರೆ ದಕ್ಷಿಣಕ್ಕೆ ತಲೆ ಹಾಕ್ಲಿ ಬಿಡಮ್ಮ."

"ಆಗ ಕಾಲು? ದೇವರ ಮೂತಿಗಾ?"

ಅತ್ತೆಯ ಮಾತು ನನಗೂ ಒಪ್ಪಿಗೆಯೇ. ಉತ್ತರಕ್ಕೆ ತಲೆ ಮಾಡಿ ಮಗಳು ಮಲಗುವುದನ್ನು ನೆನೆಸಿಕೊಂಡೇ ಮೈ ಝುಂ ಅಂದಿತ್ತು.

"ಇದೆಲ್ಲ ಬಿಟ್ಟುಬಿಡೇ" ಅಂತ ಮಗಳ ಕೈ ಹಿಡಿದುಕೊಂಡೆ.

"ಬಿಡಲ್ಲ."

"ಹಂಗಾದ್ರೆ ರಾಡಾದ್ರೂ ಗಿಡ್ಡದು ತಗೋ."

"ಗಿಡ್ಡದಾ? ಅದು ಆಟದ ಸಾಮಾನಮ್ಮ! ಕಾಂಪಿಟೇಶನ್ನಲ್ಲಿ ಉದ್ದದ್ದೇ ಕೊಡೋದು."

"ಕಾಂಪಿಟೇಶನ್ನಿಗೆ ಹೋಗೋಕೆ ನೀನು ಇರಬೇಕಲ್ಲೇ!"

ಅಂಗಡಿಗೆ ಹೋಗಿ ನೋಡಲು ಒಪ್ಪಿದಳು.

ಮಾರನೆಯ ದಿನ ಹೂ ಕಟ್ಟುವ ದಾರವನ್ನು ಈ ಗೋಡೆಯಿಂದ ಆ ಗೋಡೆಗೆ ಹಿಡಿದು ಅಳತೆ ತೆಗೆದೆ. ಸ್ಟ್ಯಾಂಡಿನಲ್ಲಿ ರಾಡು ಕೂರುವ ಎರಡು ಕವೆಗಳಿರುವ ಕಡೆ ಒಂದೊಂದು ಗಂಟು ಹಾಕಿದೆ. ಗಿಡ್ಡ ರಾಡು ತಂದು ಅದು ಕವೆಗಳ ಮೇಲೆ ಕೂರದೇ ಹೋದರೆ ಇನ್ನೊಂದು ಗಂಡಾಂತರ. ದಾರವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿ, ಮಗಳನ್ನು ಕರೆದುಕೊಂಡು ಹಾಸನದ ಬಸ್ಸು ಹತ್ತಿದೆ.

ಗಿಡ್ಡ ರಾಡು ಬೇಕು ಅಂದಾಗ ಅಂಗಡಿಯವನು ಕೇಳಿದ, "ಯಾರ್ಗಮ್ಮ, ಮಗನ್ಗಾ?"

"ನಂಗೆ" ಅಂದಳು ಇವಳು.

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ, "ಓ! ಅಂಗಾರೆ ಏಳಡೀದೇ ತಗಳವ್ವ. ಐದಡೀದು ಚಿಕ್ ಐಕ್ಳು ಆಡೋಕೆ ಕಣ" ಅಂದು ನಕ್ಕ.

ಮಗಳು ನನ್ನ ಕಡೆ ತಿರುಗಿ ಹುಬ್ಬೇರಿಸಿದಳು. ಕೊನೆಗೆ, "ಆರಡೀದು ತಗೊಳ್ಳೋಣ, ನಿನ್ನ ಮಾತೂ ಉಳೀತು, ನಂದೂ ಉಳೀತು" ಅಂದಳು.

ನಾನು ಅಂಗಡಿಯ ನೆಲದ ಮೇಲೆ ದಾರ ಹಾಸಿದೆ. ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡಿದ. "ಇದೇನಮ್ಮ, ಪೂಜೆ ಮಾಡ್ಬುಟ್ಟೇ ಒಯ್ಯೋದಾ?" ಅಂದ. ಆರಡಿ ರಾಡನ್ನು ದಾರದ ಮೇಲೆ ನಡುವಿಗೆ ಇಡಿಸಿದೆ. "ದಾರದ ತುದಿ ಗೋಡೆ ಅಂದ್ಕೋ. ಪ್ಲೇಟು ಹಾಕು" ಅಂದೆ. ಮಗಳು ಕುಕ್ಕರಗಾಲಲ್ಲಿ ಕೂತು ದೊಡ್ಡ ಪ್ಲೇಟು ತೂರಿಸಲು ಹೋದಳು. ಪ್ಲೇಟು ನುಗ್ಗಿತು, ಆದರೆ ಅವಳ ಮೊಣಕೈ ದಾರ ದಾಟಿ ಆಚೆಗೆ ಹೋಯಿತು. ಗೋಡೆಯಿದ್ದಿದ್ದರೆ ಮತ್ತೆ ರಾಡನ್ನೇ ಸರಿಸಬೇಕಾಗುತ್ತಿತ್ತು. ಅವಳ ಕೈ ಅಲ್ಲೇ ನಿಂತಿತು. ಅವಳ ಮುಖದ ಮೇಲೆ ಆ ಶುಕ್ರವಾರ ಹಾದು ಹೋದದ್ದು ನನಗೆ ಕಂಡಿತು. ನಾನೊಬ್ಬಳೇ ಹೆದರಿದ್ದೇನೆ ಅಂದುಕೊಂಡಿದ್ದೆ.

"ಐದಡೀದು ಕೊಡಿ" ಅಂದಳು ಅಂಗಡಿಯವನಿಗೆ. ಪ್ಲೇಟು ಒಳಕ್ಕೆ ಸರಿಯದಂತೆ ತಡೆಯುವ ಅದರ ಒಳಬಳೆಗಳು ನನ್ನ ಗಂಟುಗಳಿಂದ ಎರಡು ಬೆರಳು ಆಚೆಗೆ ಕೂತವು. ಕವೆಗಳ ಮೇಲೆ ಕೂರಲು ಅಷ್ಟು ಸಾಕಾಗಿತ್ತು. ಪ್ಲೇಟು ಜಾರದಂತೆ ಬಿಗಿಯುವ ಕ್ಲಾಂಪುಗಳನ್ನೂ ಕೇಳಿ ತೆಗೆದುಕೊಂಡೆ.

ಮನೆಗೆ ಬಂದು ಪ್ಲೇಟು ಹಾಕಿದಳು. ರಾಡು ಸರಿಸದೆ, ಗೋಡೆ ಮುಟ್ಟದೆ ಹಾಕಿದಳು. ಮಲಗುವ ಮೊದಲು, "ಅಮ್ಮ, ಇಲ್ಲಿ ಬಾ. ತಲೆ ಹತ್ರ ನಿಂತ್ಕೋ" ಅಂದಳು.

"ನಾನಾ? ನಂಗೇನೇ ಗೊತ್ತು?"

"ರಾಡಿನ ಕೆಳಗೆ ಕೈ ಹಿಡಿ, ಮುಟ್ಟಬೇಡ. ನಾನು ಕರೆದಾಗ ಎತ್ತು."

ಸೆರಗು ಸಿಕ್ಕಿಸಿಕೊಂಡು ನಿಂತೆ. ರಾಡು ಇಳಿಯಿತು. ನನ್ನ ಕೈಯೂ ಅದರ ಜೊತೆ ಇಳಿಯಿತು, ಗಡಗಡ ನಡುಗುತ್ತ.

"ನಡುಗಬೇಡಮ್ಮ, ನಂಗೆ ನಗು ಬರುತ್ತೆ" ಅಂದಳು ಉಸಿರು ಬಿಗಿಹಿಡಿದು.

"ನೀನು ಬಾಯಿ ಮುಚ್ಕೊಂಡು ಎತ್ತೇ!"

ರಾಡು ಮೇಲೆ ಹೋಯಿತು. ಎರಡೂ ಗೋಡೆಗಳ ಕಡೆ ನೋಡಿದೆ, ದೂರವಿದ್ದವು. ಆದರೂ ಹೆದರಿಕೆ ಹೋಗಲಿಲ್ಲ. ಇನ್ನೊಂದು ಸಲ ಇಳಿಸುತ್ತೇನೆ ಅಂದಳು. ಹೂಂ ಅಂದು ಮತ್ತೆ ಕೈಯೊಡ್ಡಿದೆ.